ಯೂರಿಯಾ ಮೂಟೆ ಒಳಗಿರೋದು ಗಾಳಿ, ಗ್ಯಾಸು ಮತ್ತೆ ಸಿಕ್ಕಾಪಟ್ಟೆ ಪ್ರೆಷರ್ರು

ಸೊಸೈಟಿ ಗೋಡೌನಲ್ಲಿ ಯೂರಿಯಾ, ಡಿಎಪಿ (ಡೈಅಮೋನಿಯಂ ಫಾಸ್ಫೇಟ್), ಪೊಟ್ಯಾಷ್ ಮೂರೂ ಮೂಟೆ ಪಕ್ಕಪಕ್ಕ ಜೋಡ್ಸಿರ್ತಾರೆ, ಹಳ್ಳೀಲಿ ಹಿರಿಯರು ಮೂರನ್ನೂ ಸೇರ್ಸಿ ಸರ್ಕಾರಿ ಗೊಬ್ಬರ ಅಂತಾರೆ. ಆದ್ರೆ ಇವು ಮೂರೂ ಬರೋ ಜಾಗನೇ ಬೇರೆ ಬೇರೆ. ಒಂದು ಗಾಳಿಯಿಂದ ಬರುತ್ತೆ, ಇನ್ನೊಂದು ಕಲ್ಲಿಂದ, ಮತ್ತೊಂದು ನೆಲದಡೀಲಿರೋ ಉಪ್ಪಿನ ಗಣಿಯಿಂದ. ಮುಂಗಾರು ಶುರುವಾಗ್ತಿದ್ದಂಗೆ ಯೂರಿಯಾಗೆ ಯಾಕೆ ಕ್ಯೂ ನಿಲ್ಲಬೇಕು, ಎಲ್ಲೋ ದೂರದ ದೇಶದಲ್ಲಿ ಯುದ್ಧ ಆದ್ರೆ ಇಲ್ಲಿ ಡಿಎಪಿ ಯಾಕೆ ಸಿಗಲ್ಲ, ಇವೆಲ್ಲ ಬರೀ ವ್ಯಾಪಾರದ ವಿಷ್ಯ ಅಲ್ಲ, ಆ ಗೊಬ್ಬರ ಮಾಡೋ ಕೆಮಿಸ್ಟ್ರಿ ಒಳಗೇ ಅರ್ಧ ಉತ್ತರ ಇದೆ. ಅದನ್ನ ಫಾರ್ಮುಲಾ ಇಲ್ದೆ ಹೇಳೋಕೆ ನೋಡ್ತೀನಿ.

ಮೊದಲು ಮೂಟೆ ಮೇಲಿನ ನಂಬರ್ ನೋಡಿ. ಯೂರಿಯಾ ಮೇಲೆ 46% ನೈಟ್ರೋಜನ್ ಅಂತ ಇರುತ್ತೆ, ಅಂದ್ರೆ 45 ಕೆಜಿ ಮೂಟೇಲಿ 20.7 ಕೆಜಿ ನೈಟ್ರೋಜನ್ ಸಿಗುತ್ತೆ, ಇದು ನೇರ ಲೆಕ್ಕ. ಡಿಎಪಿ ಮೇಲೆ 18-46-0 ಅಂತಿರುತ್ತೆ, ಕ್ರಮವಾಗಿ ನೈಟ್ರೋಜನ್, ಫಾಸ್ಫರಸ್, ಪೊಟ್ಯಾಸಿಯಂ, ಇಲ್ಲಿ ತುಂಬಾ ಜನ ಎಡವ್ತಾರೆ, ಯಾಕಂದ್ರೆ ಆ 46 ಅನ್ನೋದು ಬರೀ ಫಾಸ್ಫರಸ್ ಅಲ್ಲ, ಫಾಸ್ಫರಸ್ ಪೆಂಟಾಕ್ಸೈಡ್ ಅನ್ನೋ ರೂಪದಲ್ಲಿ ಲೆಕ್ಕ ಹಾಕಿರೋದು. ಹಿಂದಿನ ಕಾಲದ ಕೆಮಿಸ್ಟ್‌ಗಳು ಗೊಬ್ಬರನ ಆಕ್ಸೈಡ್ ಲೆಕ್ಕದಲ್ಲಿ ಅಳೀತಿದ್ರು, ಆ ಪದ್ಧತಿ ಹಾಗೇ ಉಳ್ಕೊಂಡಿದೆ. ನಿಜವಾದ ಫಾಸ್ಫರಸ್ ಬೇಕಂದ್ರೆ 0.44ರಿಂದ ಗುಣಿಸಿ, ಸುಮಾರು 20% ಬರುತ್ತೆ. ಪೊಟ್ಯಾಷ್ ಮೂಟೆಯ 60% ಕೂಡ ಇದೇ ಥರ, ಅದರಲ್ಲಿ ನಿಜವಾದ ಪೊಟ್ಯಾಸಿಯಂ ಸುಮಾರು 50%.

ಈಗ ನೈಟ್ರೋಜನ್ ಕಡೆ ಬರೋಣ, ಕಥೆಯಲ್ಲಿ ದೊಡ್ಡ ಪಾಲು ಇದರದ್ದೇ. ನಾವು ಉಸಿರಾಡೋ ಗಾಳೀಲಿ 78% ನೈಟ್ರೋಜನ್ನೇ ಇದೆ, ಪ್ರತಿ ಹೊಲದ ಮೇಲೂ ಟನ್‌ಗಟ್ಟಲೆ ತೇಲ್ತಾ ಇರುತ್ತೆ, ಆದ್ರೆ ಪೈರು ಅದರ ಕೆಳಗೇ ನಿಂತು ಹಳದಿ ತಿರುಗುತ್ತೆ. ಕಾರಣ ಏನಂದ್ರೆ ಗಾಳೀಲಿ ನೈಟ್ರೋಜನ್ ಪರಮಾಣುಗಳು ಎರಡೆರಡು ಸೇರ್ಕೊಂಡು ಜೋಡಿಯಾಗಿ ಇರ್ತವೆ, ಆ ಜೋಡಿ ಮಧ್ಯೆ ಒಂದಲ್ಲ ಎರಡಲ್ಲ ಮೂರು ಬಾಂಡ್, ಕೆಮಿಸ್ಟ್ರೀಲಿ ನಮಗೆ ಗೊತ್ತಿರೋ ಅತಿ ಗಟ್ಟಿ ಬಾಂಡ್‌ಗಳಲ್ಲಿ ಇದೂ ಒಂದು. ಗಿಡಕ್ಕೆ ಇದನ್ನ ಬಿಡಿಸೋ ಶಕ್ತಿ ಇಲ್ಲ. ಪ್ರಕೃತಿಯಲ್ಲಿ ಇದನ್ನ ಬಿಡಿಸೋದು ಮುಖ್ಯವಾಗಿ ಇಬ್ಬರು, ಒಂದು ಸಿಡಿಲು, ಇನ್ನೊಂದು ಕೆಲವು ಬ್ಯಾಕ್ಟೀರಿಯಾ. ತೊಗರಿ, ಕಡ್ಲೆ, ಅಲಸಂದೆ ಗಿಡ ಕಿತ್ತು ನೋಡಿದ್ರೆ ಬೇರಲ್ಲಿ ಸಣ್ಣ ಗಂಟು ಕಾಣುತ್ತೆ, ಒಂದು ಗಂಟು ಒಡೆದು ನೋಡಿ, ಒಳಗೆ ನಸುಗೆಂಪು ಬಣ್ಣ ಇದ್ರೆ ಅಲ್ಲಿ ರೈಜೋಬಿಯಂ ಅನ್ನೋ ಬ್ಯಾಕ್ಟೀರಿಯಾ ಕೆಲ್ಸ ಮಾಡ್ತಿದೆ ಅಂತ ಅರ್ಥ. ನಾವು ದೈತ್ಯ ಫ್ಯಾಕ್ಟರಿ ಕಟ್ಟಿ 450 ಡಿಗ್ರಿ ಬಿಸೀಲಿ ಮಾಡೋದನ್ನ ಅದು ಮಣ್ಣೊಳಗೆ ತಣ್ಣಗೆ ಮಾಡ್ತಿರುತ್ತೆ, ಇದು ನಂಗೆ ಇವತ್ತಿಗೂ ಆಶ್ಚರ್ಯನೇ.

20ನೇ ಶತಮಾನದ ಶುರುವಿನ ತನಕ ಯುರೋಪಿನವರು ನೈಟ್ರೋಜನ್‌ಗೆ ಚಿಲಿ ದೇಶದ ಮರುಭೂಮೀಲಿ ಸಿಗೋ ನೈಟ್ರೇಟ್ ಉಪ್ಪನ್ನ ಹಡಗಲ್ಲಿ ತರಿಸ್ಕೊಳ್ತಿದ್ರು. ಅದು ಯಾವತ್ತಾದ್ರೂ ಮುಗಿಯೋದೇ ಅಂತ ಎಲ್ರಿಗೂ ಭಯ ಇತ್ತು. 1909ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಫ್ರಿಟ್ಜ್ ಹೇಬರ್ ನೈಟ್ರೋಜನ್ನನ್ನೂ ಹೈಡ್ರೋಜನ್ನನ್ನೂ ಹೆಚ್ಚು ಪ್ರೆಷರ್‌ನಲ್ಲಿ, ಬಿಸೀಲಿ, ಆಸ್ಮಿಯಂ ಅನ್ನೋ ಲೋಹದ ಮೇಲೆ ಹಾಯಿಸಿ ಅಮೋನಿಯಾ ಹನಿ ಹನಿಯಾಗಿ ಬೀಳೋದನ್ನ ಬಿಎಎಸ್ಎಫ್ ಅನ್ನೋ ಕೆಮಿಕಲ್ ಕಂಪನಿಯವರಿಗೆ ತೋರ್ಸಿದ್ರು.

ಇಲ್ಲಿ ಒಂದು ಇಕ್ಕಟ್ಟು ಇದೆ, ಅದು ಅರ್ಥ ಆದ್ರೆ ಇಡೀ ಫ್ಯಾಕ್ಟರಿ ಅರ್ಥ ಆಗುತ್ತೆ. ಒಂದು ಪಾಲು ನೈಟ್ರೋಜನ್, ಮೂರು ಪಾಲು ಹೈಡ್ರೋಜನ್ ಸೇರಿದ್ರೆ ಎರಡು ಪಾಲು ಅಮೋನಿಯಾ ಆಗುತ್ತೆ, ಅಂದ್ರೆ ನಾಲ್ಕು ಪಾಲು ಗ್ಯಾಸು ಎರಡಕ್ಕೆ ಕುಗ್ಗುತ್ತೆ, ಹಾಗಾಗಿ ಎಷ್ಟು ಒತ್ತಿದ್ರೆ ಅಷ್ಟು ಒಳ್ಳೇದು. ಸೇರೋವಾಗ ಬಿಸಿ ಬಿಡುತ್ತೆ, ಹಾಗಾಗಿ ತಣ್ಣಗಿದ್ದಷ್ಟೂ ಹೆಚ್ಚು ಅಮೋನಿಯಾ ಸಿಗಬೇಕು. ಆದ್ರೆ ತಣ್ಣಗಿದ್ರೆ ಆ ಮೂರು ಬಾಂಡ್ ಬಿಡ್ಸೋಕೇ ಆಗಲ್ಲ, ರಿಯಾಕ್ಷನ್ ಅಲ್ಲಾಡಲ್ಲ. ಬಿಸಿ ಜಾಸ್ತಿ ಮಾಡಿದ್ರೆ ಬೇಗ ಆಗುತ್ತೆ, ಆದ್ರೆ ಆದ ಅಮೋನಿಯಾ ಮತ್ತೆ ಒಡೆದು ವಾಪಸ್ ಹೋಗುತ್ತೆ. ಹಾಗಾಗಿ ಎರಡರ ಮಧ್ಯೆ ಎಲ್ಲೋ ನಿಲ್ಲಬೇಕು. ಇವತ್ತೂ ಫ್ಯಾಕ್ಟರಿಗಳು 400ರಿಂದ 500 ಡಿಗ್ರಿ, ಗಾಳಿಯ ಒತ್ತಡದ 150-200 ಪಟ್ಟು ಪ್ರೆಷರ್‌ನಲ್ಲಿ ಓಡ್ತವೆ, ಅಷ್ಟಾದ್ರೂ ಒಂದು ಸಲಕ್ಕೆ 15-20% ಅಷ್ಟೇ ಅಮೋನಿಯಾ ಆಗೋದು. ಅದನ್ನ ತಣಿಸಿ ದ್ರವ ಮಾಡಿ ತೆಗೆದು, ಉಳಿದ ಗ್ಯಾಸನ್ನ ಮತ್ತೆ ಅದೇ ರಿಯಾಕ್ಟರ್‌ಗೆ ತಿರುಗಿಸಿ ಬಿಡ್ತಾರೆ, ಹಗಲೂ ರಾತ್ರಿ ಈ ಸುತ್ತು ನಡೀತಾನೇ ಇರುತ್ತೆ.

ಹೇಬರ್ ಹೆಸರು ಎಲ್ರಿಗೂ ಗೊತ್ತು, ಆದ್ರೆ ಲ್ಯಾಬಲ್ಲಿ ಹನಿ ಬೀಳ್ಸಿದ್ದನ್ನ ಫ್ಯಾಕ್ಟರಿ ಮಾಡಿದ ಬಿಎಎಸ್ಎಫ್‌ನ ಕಾರ್ಲ್ ಬಾಷ್ ಮತ್ತೆ ಆಲ್ವಿನ್ ಮಿಟಾಷ್ ಪಟ್ಟ ಪಾಡು ನನ್ನ ಪ್ರಕಾರ ಅದಕ್ಕಿಂತ ದೊಡ್ಡದು. ರಿಯಾಕ್ಷನ್ ಬೇಗ ಮಾಡಿಸಿ ತಾನು ಮಾತ್ರ ಖರ್ಚಾಗದ ವಸ್ತುಗೆ ಕ್ಯಾಟಲಿಸ್ಟ್ ಅಂತಾರೆ, ಹೇಬರ್ ಬಳಸಿದ್ದ ಕ್ಯಾಟಲಿಸ್ಟ್ ಆಸ್ಮಿಯಂ ತುಂಬಾ ಅಪರೂಪದ ಲೋಹ, ಅದನ್ನ ನಂಬಿ ಫ್ಯಾಕ್ಟರಿ ನಡ್ಸೋಕೆ ಆಗಲ್ಲ. ಮಿಟಾಷ್ ಟೀಮು ಸಾವಿರಾರು ಮಿಶ್ರಣ ಮಾಡಿ ಮಾಡಿ ಟೆಸ್ಟ್ ಮಾಡ್ತು. ಸ್ವೀಡನ್ನಿನ ಗಣಿಯೊಂದರ ಕಬ್ಬಿಣದ ಅದಿರಿನ ಸ್ಯಾಂಪಲ್ ಮಾತ್ರ ಚೆನ್ನಾಗಿ ಕೆಲ್ಸ ಮಾಡ್ತು, ಶುದ್ಧ ಕಬ್ಬಿಣ ಅಷ್ಟು ಮಾಡ್ಲಿಲ್ಲ. ಹುಡುಕ್ತಾ ಹೋದ್ರೆ ಅದಿರಿನೊಳಗಿದ್ದ ಬೇರೆ ಸಣ್ಣಪುಟ್ಟ ಪದಾರ್ಥಗಳೇ ಕಬ್ಬಿಣಕ್ಕೆ ಬಲ ಕೊಡ್ತಿದ್ವು. ಇವತ್ತಿಗೂ ಜಗತ್ತಿನ ಬಹುಪಾಲು ಅಮೋನಿಯಾ ಫ್ಯಾಕ್ಟರೀಲಿ ಇರೋದು ಸ್ವಲ್ಪ ಅಲ್ಯೂಮಿನಾ, ಸ್ವಲ್ಪ ಪೊಟ್ಯಾಷ್ ಬೆರೆಸಿದ ಅದೇ ಕಬ್ಬಿಣ.

ಬಾಷ್‌ಗೆ ಬಂದ ತೊಂದರೆ ಬೇರೆ. ಅವರ ಉಕ್ಕಿನ ರಿಯಾಕ್ಟರ್‌ಗಳು ಸುಮಾರು 80 ಗಂಟೆ ಓಡಿ ಸಿಡಿದುಹೋದ್ವು. ಕತ್ತರಿಸಿ ನೋಡಿದ್ರೆ, ಬಿಸಿ ಹೈಡ್ರೋಜನ್ನು ಉಕ್ಕಿನ ಒಳಗೇ ನುಗ್ಗಿ ಅದರಲ್ಲಿದ್ದ ಕಾರ್ಬನ್ ಜೊತೆ ಸೇರಿ ಮೀಥೇನ್ ಆಗ್ತಿತ್ತು, ಉಕ್ಕಿಗೆ ಗಟ್ಟಿತನ ಕೊಡೋದೇ ಕಾರ್ಬನ್, ಅದೇ ಹೋದ್ಮೇಲೆ ಲೋಹ ಬಿರುಕು ಬಿಡದೆ ಇನ್ನೇನು ಮಾಡುತ್ತೆ. ಬಾಷ್ ಒಳಗಡೆ ಕಾರ್ಬನ್ ಇಲ್ಲದ ಮೆದು ಕಬ್ಬಿಣದ ಕೊಳವೆ ಇಟ್ಟು, ಪ್ರೆಷರ್ ತಡೆಯೋಕೆ ಹೊರಗಡೆ ಉಕ್ಕಿನ ಕವಚ ಹಾಕಿ, ಆ ಕವಚಕ್ಕೆ ಸಣ್ಣ ಸಣ್ಣ ತೂತು ಕೊರೆಸಿದ್ರು. ಒಳಗಿಂದ ಜಿನುಗೋ ಹೈಡ್ರೋಜನ್ ಉಕ್ಕನ್ನ ಹಾಳು ಮಾಡೋ ಮುಂಚೆ ಆ ತೂತಿಂದ ಹೊರಗೆ ಹೋಗ್ಬಿಡುತ್ತೆ. 1913ರಲ್ಲಿ ಒಪ್ಪಾವ್ ಅನ್ನೋ ಊರಲ್ಲಿ ಫ್ಯಾಕ್ಟರಿ ಶುರುವಾಯ್ತು. ಮುಂದಿನ ವರ್ಷವೇ ಯುದ್ಧ ಬಂತು, ಇದೇ ಅಮೋನಿಯಾದಿಂದ ನೈಟ್ರಿಕ್ ಆಸಿಡ್, ಅದರಿಂದ ಮದ್ದುಗುಂಡು. ಹೇಬರ್ ಸ್ವತಃ ವಿಷಗ್ಯಾಸಿನ ಕೆಲ್ಸಕ್ಕೆ ನಿಂತರು. ಜಗತ್ತಿನ ಹೆಚ್ಚೂಕಮ್ಮಿ ಅರ್ಧ ಜನ ಇವತ್ತು ಉಣ್ಣೋ ಅನ್ನಕ್ಕೆ ಈ ವಿಧಾನವೇ ಆಧಾರ ಅನ್ನೋದೂ ನಿಜ, ಅದರ ಹುಟ್ಟಿನ ಜೊತೆ ಈ ಕತ್ತಲೆ ಇರೋದೂ ನಿಜ, ಎರಡನ್ನೂ ಒಟ್ಟಿಗೇ ನೆನಪಲ್ಲಿ ಇಟ್ಕೋಬೇಕು.

ನೈಟ್ರೋಜನ್ ಗಾಳೀಲಿ ಪುಕ್ಕಟೆ ಸಿಗುತ್ತೆ, ಹಾಗಾದ್ರೆ ಖರ್ಚು ಎಲ್ಲಿದೆ? ಹೈಡ್ರೋಜನ್‌ನಲ್ಲಿ. ಅದು ಭೂಮಿ ಮೇಲೆ ಒಂಟಿಯಾಗಿ ಸಿಗೋದೇ ಅಪರೂಪ, ನೀರಿಂದಲೋ ಇಂಧನದಿಂದಲೋ ಕಿತ್ತು ತೆಗೀಬೇಕು. ನಮ್ಮ ದೇಶದ ಗೊಬ್ಬರದ ಇತಿಹಾಸ ಅಂದ್ರೆ ಈ ಹೈಡ್ರೋಜನ್ ಎಲ್ಲಿಂದ ತರೋದು ಅನ್ನೋ ಹುಡುಕಾಟನೇ. ಸ್ವಾತಂತ್ರ್ಯಕ್ಕೂ ಮುಂಚೆನೇ ಮೈಸೂರು ಹತ್ರದ ಬೆಳಗೊಳದಲ್ಲಿ ಅಮೋನಿಯಂ ಸಲ್ಫೇಟ್ ಫ್ಯಾಕ್ಟರಿ ಇತ್ತು. 1947ರಲ್ಲಿ ಕೇರಳದ ಫ್ಯಾಕ್ಟ್ ಕಂಪನಿ ಶುರುವಾದಾಗ ಅವರು ಸೌದೆ ಉರಿಸಿ ಅದರ ಗ್ಯಾಸಿಂದ ಹೈಡ್ರೋಜನ್ ತೆಗೀತಿದ್ರು, ಹೌದು, ಕಾಡಿನ ಸೌದೆ! 1951ರ ಸಿಂದ್ರಿ ಫ್ಯಾಕ್ಟರಿಗೆ ಕಲ್ಲಿದ್ದಲು. ಆಮೇಲೆ ಪೆಟ್ರೋಲ್ ರಿಫೈನರೀಲಿ ಸಿಗೋ ನಾಫ್ತಾ ಬಂತು, ಆಮೇಲೆ ನೈಸರ್ಗಿಕ ಅನಿಲ. ಮಂಗಳೂರಿನ ಪಣಂಬೂರಲ್ಲಿ 1976ರಲ್ಲಿ ಶುರುವಾದ ಎಂಸಿಎಫ್, ಅಂದ್ರೆ ಮಂಗಳೂರು ಕೆಮಿಕಲ್ಸ್ ಅಂಡ್ ಫರ್ಟಿಲೈಜರ್ಸ್, ದಶಕಗಟ್ಟಲೆ ದುಬಾರಿ ನಾಫ್ತಾದಲ್ಲೇ ಯೂರಿಯಾ ಮಾಡ್ತಿತ್ತು, ಯಾಕಂದ್ರೆ ಕರಾವಳಿಗೆ ಗ್ಯಾಸ್ ಪೈಪ್‌ಲೈನೇ ಇರ್ಲಿಲ್ಲ. ಕೊಚ್ಚಿಯಿಂದ ಮಂಗಳೂರಿಗೆ 450 ಕಿಲೋಮೀಟರ್ ಪೈಪ್‌ಲೈನ್ 2021ರ ಜನವರಿಯಲ್ಲಿ ಉದ್ಘಾಟನೆ ಆಯ್ತು, ಫ್ಯಾಕ್ಟರಿ ಆ ಹೊತ್ತಿಗೆ ಗ್ಯಾಸಿಗೆ ಬದಲಾಯ್ತು.

ಗ್ಯಾಸ್ ಒಳಗೆ ಬಂದ್ಮೇಲೆ ಏನಾಗುತ್ತೆ ನೋಡಿ. ನೈಸರ್ಗಿಕ ಅನಿಲ ಅಂದ್ರೆ ಹೆಚ್ಚಿನಂಶ ಮೀಥೇನ್. ಮೊದಲು ಅದರಲ್ಲಿರೋ ಗಂಧಕ ತೆಗೀತಾರೆ, ಇಲ್ಲಾಂದ್ರೆ ಮುಂದೆ ಬರೋ ಕ್ಯಾಟಲಿಸ್ಟ್ ಕೆಟ್ಟುಹೋಗುತ್ತೆ. ಆಮೇಲೆ ಹಬೆ ಜೊತೆ ಸೇರ್ಸಿ ನಿಕ್ಕಲ್ ಕ್ಯಾಟಲಿಸ್ಟ್ ತುಂಬಿರೋ ಟ್ಯೂಬ್‌ಗಳಲ್ಲಿ 800 ಡಿಗ್ರಿ ಆಸುಪಾಸಲ್ಲಿ ಹಾಯಿಸ್ತಾರೆ, ಮೀಥೇನೂ ನೀರೂ ಎರಡೂ ಒಡೆದು ಹೈಡ್ರೋಜನ್ ಮತ್ತೆ ಕಾರ್ಬನ್ ಮೊನಾಕ್ಸೈಡ್ ಆಗುತ್ತೆ. ಮುಂದಿನ ಹಂತದಲ್ಲಿ ಇದಕ್ಕೆ ಗಾಳಿ ಬಿಡ್ತಾರೆ, ಗಾಳಿಯ ಆಕ್ಸಿಜನ್ ಉರಿದು ಹೋಗುತ್ತೆ, ನೈಟ್ರೋಜನ್ ಉಳ್ಕೊಳ್ಳುತ್ತೆ, ನಮಗೆ ಬೇಕಾದ ನೈಟ್ರೋಜನ್ ಒಳಗೆ ಬರೋದು ಇಲ್ಲೇ. ಕಾರ್ಬನ್ ಮೊನಾಕ್ಸೈಡನ್ನ ಮತ್ತೆ ಹಬೆ ಜೊತೆ ಸೇರ್ಸಿ ಕಾರ್ಬನ್ ಡೈಆಕ್ಸೈಡ್ ಮಾಡ್ತಾರೆ, ಇನ್ನಷ್ಟು ಹೈಡ್ರೋಜನ್ ಸಿಗುತ್ತೆ. ಆ ಕಾರ್ಬನ್ ಡೈಆಕ್ಸೈಡನ್ನ ದ್ರಾವಣದಲ್ಲಿ ತೊಳೆದು ಬೇರೆ ಮಾಡಿ ಪಕ್ಕಕ್ಕೆ ಇಟ್ಕೋತಾರೆ, ಬಿಸಾಕಲ್ಲ, ಯೂರಿಯಾ ಮಾಡೋಕೆ ಅದೇ ಬೇಕು. ಉಳಿದ ನೈಟ್ರೋಜನ್ ಹೈಡ್ರೋಜನ್ ಮಿಶ್ರಣ ಆ ಕಬ್ಬಿಣದ ಕ್ಯಾಟಲಿಸ್ಟ್ ಕಡೆ ಹೋಗುತ್ತೆ.

ಯೂರಿಯಾ ಮಾಡೋದು ಇದರ ಪಕ್ಕದ ಪ್ಲಾಂಟಲ್ಲಿ. ಅಮೋನಿಯಾ ಮತ್ತೆ ಕಾರ್ಬನ್ ಡೈಆಕ್ಸೈಡ್ ಎರಡನ್ನೂ ಸುಮಾರು 180 ಡಿಗ್ರೀಲಿ, 150 ಪಟ್ಟಿನ ಆಸುಪಾಸು ಪ್ರೆಷರ್‌ನಲ್ಲಿ ಸೇರ್ಸಿದ್ರೆ ಮೊದಲು ಅಮೋನಿಯಂ ಕಾರ್ಬಮೇಟ್ ಅನ್ನೋದು ಆಗುತ್ತೆ, ಇದು ಬೇಗ ಆಗುತ್ತೆ. ಅದರಿಂದ ನಿಧಾನವಾಗಿ ನೀರು ಬಿಟ್ಟು ಯೂರಿಯಾ ಆಗುತ್ತೆ. ಈ ಕಾರ್ಬಮೇಟ್ ಮಹಾ ಕೊರೆಯೋ ದ್ರಾವಣ, ಮಾಮೂಲಿ ಸ್ಟೀಲ್ ತಿಂದ್ಹಾಕುತ್ತೆ, ಅದಕ್ಕೇ ವಿಶೇಷ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಟೈಟಾನಿಯಂ ಹಾಕ್ತಾರೆ, ಜೊತೆಗೆ ಒಳಗೆ ಬಿಡೋ ಗ್ಯಾಸಲ್ಲಿ ಒಂಚೂರು ಗಾಳಿ ಸೇರಿಸ್ತಾರೆ, ಆ ಆಕ್ಸಿಜನ್ನು ಲೋಹದ ಮೇಲೆ ತೆಳು ಪದರ ಕಟ್ಟಿ ಕಾಪಾಡುತ್ತೆ. ಕೊನೆಗೆ ನೀರೆಲ್ಲ ಆವಿ ಮಾಡಿ ಕರಗಿದ ಯೂರಿಯಾನ ಎತ್ತರದ ಟವರ್ ಮೇಲಿಂದ ಹನಿ ಹನಿಯಾಗಿ ಉದುರಿಸ್ತಾರೆ, ಕೆಳಗಿಂದ ಮೇಲಕ್ಕೆ ತಣ್ಣನೆ ಗಾಳಿ, ಹನಿ ನೆಲ ಮುಟ್ಟೋಷ್ಟರಲ್ಲಿ ಗಟ್ಟಿಯಾಗಿ ನಾವು ನೋಡೋ ಬಿಳಿ ಕಾಳಾಗಿರುತ್ತೆ. ಬಿಸಿ ಜಾಸ್ತಿ ಆದ್ರೆ ಎರಡು ಯೂರಿಯಾ ಸೇರಿ ಬೈಯುರೆಟ್ ಅನ್ನೋದು ಹುಟ್ಟುತ್ತೆ, ಎಲೆಗೆ ಸಿಂಪಡಿಸಿದಾಗ ಅದು ಸುಡುತ್ತೆ, ಅದಕ್ಕೇ ಕಾನೂನಲ್ಲಿ ಅದು 1.5% ಮೀರಬಾರದು ಅಂತ ಇದೆ.

ಈಗ ಒಂದು ಮೂಟೆಯ ಲೆಕ್ಕ ಹಾಕೋಣ. 45 ಕೆಜಿ ಯೂರಿಯಾಗೆ ಸುಮಾರು 25.5 ಕೆಜಿ ಅಮೋನಿಯಾ, 33 ಕೆಜಿ ಕಾರ್ಬನ್ ಡೈಆಕ್ಸೈಡ್ ಬೇಕು, ಹೆಚ್ಚಾಗಿದ್ದು ನೀರಾಗಿ ಹೋಗುತ್ತೆ. ಕಚ್ಚಾವಸ್ತು, ಬಿಸಿ, ಪ್ರೆಷರ್ ಎಲ್ಲಾ ಸೇರ್ಸಿ ಒಂದು ಟನ್‌ಗೆ ನಮ್ಮ ಫ್ಯಾಕ್ಟರಿಗಳಲ್ಲಿ ಸುಮಾರು 60 ಲಕ್ಷ ಕಿಲೋಕ್ಯಾಲೊರಿ ಶಕ್ತಿ ಖರ್ಚಾಗುತ್ತೆ, ಒಂದು ಮೂಟೆಗೆ ಹಂಚಿದ್ರೆ ಮನೆಗೆ ಬರೋ ಅಡುಗೆ ಗ್ಯಾಸಿನ ಒಂದೂವರೆ ಸಿಲಿಂಡರ್‌ಗಿಂತ ಜಾಸ್ತಿ. ರೈತರ ಕೈಗೆ ಆ ಮೂಟೆ 266 ರೂಪಾಯಿ 50 ಪೈಸೆಗೆ ಸಿಗ್ತಿದೆ ಅಂದ್ರೆ ಉಳಿದಿದ್ದು ಸಬ್ಸಿಡಿ, ಅದಕ್ಕೇ ದೇಶದ ಗೊಬ್ಬರ ಸಬ್ಸಿಡಿ ವರ್ಷಕ್ಕೆ ಒಂದೂವರೆ ಲಕ್ಷ ಕೋಟಿ ದಾಟಿರೋದು. ಗ್ಯಾಸಲ್ಲೂ ದೊಡ್ಡ ಪಾಲು ಎಲ್‌ಎನ್‌ಜಿ, ಅಂದ್ರೆ ತಣಿಸಿ ದ್ರವ ಮಾಡಿದ ಗ್ಯಾಸಿನ ರೂಪದಲ್ಲಿ ಹೊರಗಿಂದ ಬರುತ್ತೆ, ಹಾಗಾಗಿ ಕೊಲ್ಲಿ ದೇಶದಲ್ಲಿ ಏನಾದ್ರೂ ಆದ್ರೆ ನಮ್ಮ ಭತ್ತದ ಗದ್ದೆಗೆ ತಟ್ಟುತ್ತೆ.

ಡಿಎಪಿಯ ದಾರಿನೇ ಬೇರೆ. ಫಾಸ್ಫರಸ್ ಗಾಳೀಲಿ ಇಲ್ಲ, ಅದು ರಾಕ್ ಫಾಸ್ಫೇಟ್ ಅನ್ನೋ ಕಲ್ಲಲ್ಲಿದೆ, ಈ ಕಲ್ಲಿನ ಜಾಗತಿಕ ನಿಕ್ಷೇಪದಲ್ಲಿ ಸುಮಾರು 70% ಮೊರಾಕೋ ಕೈಯಲ್ಲಿದೆ. ನಮ್ಮಲ್ಲಿ ಉದಯಪುರದ ಹತ್ರ ಝಾಮರ್‌ಕೋಟ್ರಾದಲ್ಲಿ ಗಣಿ ಇದೆ, ಆದ್ರೆ ನಮ್ಮ ಹೊಟ್ಟೆಗೆ ಅದು ಸಾಲಲ್ಲ. ಕಲ್ಲನ್ನ ಪುಡಿ ಮಾಡಿ ಹೊಲಕ್ಕೆ ಹಾಕಿದ್ರೆ ಸುಲಭವಾಗಿ ಕರಗಲ್ಲ, ಹುಳಿ ಮಣ್ಣಲ್ಲಿ ಮಾತ್ರ ಸ್ವಲ್ಪ ಸ್ವಲ್ಪ ಕರಗುತ್ತೆ. ಅದಕ್ಕೇ ಸಲ್ಫ್ಯೂರಿಕ್ ಆಸಿಡ್ ಬೇಕು. ಆಸಿಡ್ಡು ಕಲ್ಲಿನ ಕ್ಯಾಲ್ಸಿಯಂನ ಕಿತ್ಕೊಂಡು ಜಿಪ್ಸಂ ಆಗುತ್ತೆ, ಫಾಸ್ಫಾರಿಕ್ ಆಸಿಡ್ ಬಿಡುಗಡೆ ಆಗುತ್ತೆ. ಈ ಆಸಿಡ್‌ಗೆ ಅಮೋನಿಯಾ ಸೇರ್ಸಿದ್ರೆ ಅದರದ್ದೇ ಬಿಸಿಗೆ ನೀರು ಆವಿಯಾಗ್ತಾ ಡಿಎಪಿ ಕಾಳುಗಟ್ಟುತ್ತೆ. ಅಂದ್ರೆ ಡಿಎಪಿಗೆ ಕಲ್ಲೂ ಬೇಕು, ಗಂಧಕವೂ ಬೇಕು, ಗ್ಯಾಸಿಂದ ಬಂದ ಅಮೋನಿಯಾನೂ ಬೇಕು, ಮೂರರಲ್ಲಿ ಯಾವ್ದಕ್ಕೆ ತೊಂದ್ರೆ ಆದ್ರೂ ಮೂಟೆ ಸಿಗಲ್ಲ. ಫಾಸ್ಫಾರಿಕ್ ಆಸಿಡ್ ಲೆಕ್ಕದಲ್ಲಿ ಒಂದು ಟನ್ ಪೆಂಟಾಕ್ಸೈಡ್‌ಗೆ ಸುಮಾರು ಐದು ಟನ್ ಜಿಪ್ಸಂ ರಾಶಿ ಬೀಳುತ್ತೆ, ಕಲ್ಲಲ್ಲಿದ್ದ ಯುರೇನಿಯಂ ಸಂಬಂಧದ ಅಂಶಗಳು ಒಂಚೂರು ಅದರಲ್ಲಿ ಉಳಿಯೋದ್ರಿಂದ ಅದನ್ನ ಎಲ್ಲೆಂದ್ರಲ್ಲಿ ಸುರಿಯೋಕೂ ಆಗಲ್ಲ.

ಡಿಎಪಿ ಅಸಲಿನಾ ಅಂತ ನೋಡೋಕೆ ರೈತರು ಮಾಡೋ ಒಂದು ಪರೀಕ್ಷೆ ಇದೆ, ಒಂದಷ್ಟು ಕಾಳು ಅಂಗೈಲಿ ಇಟ್ಕೊಂಡು ತಂಬಾಕಿಗೆ ಸುಣ್ಣ ಹಚ್ಚಿ ತಿಕ್ಕೋ ಹಾಗೆ ಸುಣ್ಣ ಹಾಕಿ ಹೆಬ್ಬೆರಳಲ್ಲಿ ತಿಕ್ಕೋದು. ಮೂಗಿಗೆ ಚುರ್ ಅನ್ನೋ ಘಾಟು ಬಡಿದ್ರೆ ಅದು ಅಮೋನಿಯಾ, ಸುಣ್ಣದ ಕ್ಷಾರ ಅಮೋನಿಯಂನ ಗ್ಯಾಸಾಗಿ ಓಡಿಸಿದ್ದು. ಯೂರಿಯಾಗೆ ಬೇರೆ ಪರೀಕ್ಷೆ, ಒಂದು ಲೋಟ ನೀರಿಗೆ ಒಂದು ಹಿಡಿ ಹಾಕಿ ಕಲಕಿದ್ರೆ ಲೋಟ ಹೊರಗಡೆ ಮುಟ್ಟಿದ್ರೂ ತಣ್ಣಗೆ ಗೊತ್ತಾಗುತ್ತೆ, ಕರಗೋಕೆ ಬೇಕಾದ ಶಾಖನ ಅದು ನೀರಿಂದಲೇ ಎಳ್ಕೊಳ್ಳುತ್ತೆ. ಹಳೇ ಹೆಂಚಿನ ಮೇಲೆ ಇಟ್ಟು ಕಾಯಿಸಿದ್ರೆ 133 ಡಿಗ್ರೀಲಿ ಪೂರ್ತಿ ಕರಗಿ ನೀರಾಗುತ್ತೆ, ಏನೂ ಉಳೀಬಾರದು. ಅಡುಗೆ ಪಾತ್ರೇಲಿ ಮಾತ್ರ ಇದನ್ನ ಮಾಡ್ಬೇಡಿ. ಈ ಸುಣ್ಣದ ಪರೀಕ್ಷೆಯಿಂದ ಇನ್ನೊಂದು ವಿಷ್ಯನೂ ಗೊತ್ತಾಗುತ್ತೆ, ಹೊಲಕ್ಕೆ ಸುಣ್ಣ ಹಾಕೋ ದಿನವೇ ಡಿಎಪಿ ಹಾಕಿದ್ರೆ ಕೊಟ್ಟ ದುಡ್ಡಿನ ಒಂದು ಭಾಗ ಘಾಟಾಗಿ ಗಾಳಿಗೆ ಹೋಗುತ್ತೆ.

ಪೊಟ್ಯಾಷ್ ಬಗ್ಗೆ ಜಾಸ್ತಿ ಹೇಳೋಕಿಲ್ಲ. ಪುರಾತನ ಸಮುದ್ರಗಳು ಒಣಗಿ ಉಳಿದ ಉಪ್ಪು, ಕೆನಡಾ, ರಷ್ಯಾ, ಬೆಲಾರುಸ್ ಕಡೆ ಗಣಿಯಿಂದ ತೆಗೆದು ಅಡುಗೆ ಉಪ್ಪಿನಿಂದ ಬೇರೆ ಮಾಡಿದ್ರೆ ಮುಗೀತು. ಕೆಂಪು ಬಣ್ಣ ಬರೋದು ಅದಿರಲ್ಲಿರೋ ಕಬ್ಬಿಣದ ಅಂಶದಿಂದ, ಬಿಳಿ ಪೊಟ್ಯಾಷ್‌ಗೂ ಕೆಂಪು ಪೊಟ್ಯಾಷ್‌ಗೂ ಬೆಳೆ ಪಾಲಿಗೆ ವ್ಯತ್ಯಾಸ ಇಲ್ಲ. ಭಾರತ ಹೆಚ್ಚೂಕಮ್ಮಿ ಪೂರ್ತಿ ಹೊರಗಿಂದಲೇ ತರಿಸ್ಕೊಳ್ಳುತ್ತೆ.

ಮೂಟೆ ಬಿಚ್ಚಿ ಹೊಲಕ್ಕೆ ಹಾಕಿದ್ಮೇಲೂ ಕೆಮಿಸ್ಟ್ರಿ ನಿಲ್ಲಲ್ಲ. ಯೂರಿಯಾನ ಮಣ್ಣಲ್ಲಿರೋ ಯೂರಿಯೇಸ್ ಅನ್ನೋ ಕಿಣ್ವ ಕೆಲವೇ ದಿನದಲ್ಲಿ ಒಡೆದು ಮತ್ತೆ ಅಮೋನಿಯಾ ಮತ್ತೆ ಕಾರ್ಬನ್ ಡೈಆಕ್ಸೈಡ್ ಮಾಡುತ್ತೆ, ಅಂದ್ರೆ ಫ್ಯಾಕ್ಟರೀಲಿ ಅಷ್ಟು ಕಷ್ಟಪಟ್ಟು ಸೇರಿಸಿದ್ದು ಮಣ್ಣಲ್ಲಿ ಬಿಡಿಸ್ಕೊಳ್ಳುತ್ತೆ. ನೆಲದ ಮೇಲೇ ಬಿದ್ದಿದ್ರೆ, ಬಿಸಿಲಿದ್ರೆ, ಆ ಅಮೋನಿಯಾ ಗಾಳಿಗೆ ಹಾರುತ್ತೆ. ಮಣ್ಣೊಳಗೆ ಸೇರಿದ್ರೆ ಅಮೋನಿಯಂ ಆಗಿ ಜೇಡಿ ಕಣಕ್ಕೆ ಅಂಟ್ಕೊಳ್ಳುತ್ತೆ, ಅಲ್ಲಿಂದ ಬ್ಯಾಕ್ಟೀರಿಯಾ ಅದನ್ನ ನೈಟ್ರೇಟ್ ಮಾಡ್ತವೆ, ನೈಟ್ರೇಟ್ ಜೇಡಿಗೆ ಅಂಟಲ್ಲ, ಜೋರು ಮಳೆ ಬಂದ್ರೆ ತೊಳ್ಕೊಂಡು ಬಾವಿ ನೀರಿಗೆ ಇಳಿಯುತ್ತೆ. ನೀರು ನಿಂತ ಕಡೆ ಒಂದು ಭಾಗ ನೈಟ್ರಸ್ ಆಕ್ಸೈಡ್ ಆಗಿ ಹೋಗುತ್ತೆ, ಭೂಮಿ ಬಿಸಿ ಮಾಡೋದ್ರಲ್ಲಿ ಅದು ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಜೋರು. ಭತ್ತದ ಗದ್ದೇಲಂತೂ ಹಾಕಿದ್ದರಲ್ಲಿ ಅರ್ಧಕ್ಕಿಂತ ಕಮ್ಮಿನೇ ಪೈರಿಗೆ ಸಿಗೋದು. 2015ರಿಂದ ದೇಶದಲ್ಲಿ ಎಲ್ಲಾ ಯೂರಿಯಾಗೂ ಬೇವಿನ ಎಣ್ಣೆ ಸವರ್ತಾರಲ್ಲ, ಅದರ ಕೆಲ್ಸ ಆ ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾನ ಸ್ವಲ್ಪ ನಿಧಾನ ಮಾಡೋದು, ಜೊತೆಗೆ ಸಬ್ಸಿಡಿ ಯೂರಿಯಾ ಬೇರೆ ಕಾರ್ಖಾನೆಗಳಿಗೆ ಕದ್ದು ಹೋಗೋದನ್ನ ತಡೆಯೋದು. ಹಾಗಾಗಿ ಮೇಲುಗೊಬ್ಬರ ಒಂದೇ ಸಲಕ್ಕೆ ಸುರಿಯೋ ಬದಲು ಎರಡು ಮೂರು ಕಂತಲ್ಲಿ, ಮಣ್ಣಲ್ಲಿ ಹದ ಇರುವಾಗ, ಕುಂಟೆ ಹೊಡೆಯೋ ಮುಂಚೆ ಹಾಕಿ ಮಣ್ಣು ಮುಚ್ಚಿದ್ರೆ ಅದೇ ಮೂಟೇಲಿ ಜಾಸ್ತಿ ಕೆಲ್ಸ ಆಗುತ್ತೆ.

ಫಾಸ್ಫರಸ್‌ದು ಉಲ್ಟಾ ತೊಂದ್ರೆ, ಅದು ಓಡಿಹೋಗಲ್ಲ, ಬಂಧಿ ಆಗ್ಬಿಡುತ್ತೆ. ಮಲೆನಾಡು, ಕರಾವಳಿಯ ಹುಳಿ ಕೆಂಪು ಮಣ್ಣಲ್ಲಿ ಕಬ್ಬಿಣ ಅಲ್ಯೂಮಿನಿಯಂ ಜೊತೆ ಸೇರಿ ಕರಗದ ಹಾಗೆ ಕೂತ್ಕೊಳ್ಳುತ್ತೆ, ಉತ್ತರ ಕರ್ನಾಟಕದ ಎರೆ ಮಣ್ಣಲ್ಲಿ ಸುಣ್ಣದಂಶದ ಜೊತೆ ಕೂರುತ್ತೆ. ಅದಕ್ಕೇ ಡಿಎಪಿನ ಬಿತ್ತನೆ ಟೈಮಲ್ಲೇ ಬೇರಿನ ಹತ್ರ ಸಾಲಲ್ಲಿ ಹಾಕ್ಬೇಕು ಅಂತ ಹೇಳೋದು, ಬೆಳೆ ನಿಂತ್ಮೇಲೆ ಮೇಲೆ ಎರಚಿದ್ರೆ ಅದು ಬಿದ್ದಲ್ಲೇ ಇರುತ್ತೆ.

ಎಲೆಗೆ ಸಿಂಪಡಿಸೋ ದ್ರವ ನ್ಯಾನೋ ಯೂರಿಯಾ ಒಂದು ಬಾಟಲಿ ಒಂದು ಮೂಟೆಗೆ ಸಮನಾ ಅಂತ ಕೇಳೋರಿಗೆ ನಾನು ಹೇಳೋದು ಮೊದಲು ಲೆಕ್ಕ ಹಾಕಿ ಅಂತ. ಮೊದಲು ಬಂದ 500 ಎಂಎಲ್ ಬಾಟಲೀಲಿ 4% ನೈಟ್ರೋಜನ್ ಇತ್ತು, ಅಂದ್ರೆ 20 ಗ್ರಾಂ, ಮೂಟೇಲಿ ಇರೋದು 20.7 ಕೆಜಿ. ಎಲೆ ಮೂಲಕ ಕೊಟ್ರೆ ನಷ್ಟ ಕಮ್ಮಿ ಅನ್ನೋದು ಸರಿ, ಆದ್ರೆ ಒಂದು ಎಕರೆ ಭತ್ತದ ಕಾಳಲ್ಲಿ ಸೇರೋ ನೈಟ್ರೋಜನ್ನೇ ಹತ್ತಾರು ಕೆಜಿ, ಅದು ಎಲ್ಲಿಂದಾದ್ರೂ ಬರಲೇಬೇಕಲ್ಲ, ಕೊಟ್ಟಿಗೆ ಗೊಬ್ಬರದಿಂದಲೋ, ಸಣಬು ಬಿತ್ತಿ ಉಳೋದ್ರಿಂದಲೋ, ಮೂಟೆಯಿಂದಲೋ.

ಇನ್ನು ಗ್ಯಾಸ್ ಬಿಟ್ಟು ಗೊಬ್ಬರ ಮಾಡೋ ಪ್ರಯತ್ನ. ಸೋಲಾರ್, ವಿಂಡ್ ಕರೆಂಟಲ್ಲಿ ನೀರನ್ನ ಒಡೆದು ಹೈಡ್ರೋಜನ್ ತೆಗೆದು ಅಮೋನಿಯಾ ಮಾಡ್ಬಹುದು, ಗ್ರೀನ್ ಅಮೋನಿಯಾ ಅಂತಾರೆ, ಡಿಎಪಿಗೆ ಅದು ಹಾಗೇ ನಡೆಯುತ್ತೆ, ಅಮೋನಿಯಂ ಸಲ್ಫೇಟಿಗೂ ನಡೆಯುತ್ತೆ. ಯೂರಿಯಾಗೆ ಮಾತ್ರ ತೊಡಕು ಇದೆ, ಮೂಟೆಗೆ ಬೇಕಾದ ಆ 33 ಕೆಜಿ ಕಾರ್ಬನ್ ಡೈಆಕ್ಸೈಡ್ ಇಷ್ಟು ದಿನ ಗ್ಯಾಸಿಂದಲೇ ಪುಕ್ಕಟೆ ಬರ್ತಿತ್ತು, ನೀರಿಂದ ಹೈಡ್ರೋಜನ್ ತೆಗೆದ್ರೆ ಅದು ಬರಲ್ಲ, ಬೇರೆ ಕಡೆಯಿಂದ ಹಿಡಿದು ತರಬೇಕು. ಬೆಳಗಾವಿ, ಬಾಗಲಕೋಟೆ ಕಡೆ ಸಕ್ಕರೆ ಫ್ಯಾಕ್ಟರಿಗಳ ಪಕ್ಕ ಎಥನಾಲ್ ಡಿಸ್ಟಿಲರಿಗಳಿವೆ, ಕಾಕಂಬಿ ಹುದುಗು ಬರುವಾಗ ಅಲ್ಲಿ ಬರೋ ಕಾರ್ಬನ್ ಡೈಆಕ್ಸೈಡ್ ಹೆಚ್ಚೂಕಮ್ಮಿ ಶುದ್ಧವಾಗೇ ಇರುತ್ತೆ, ಚಿಮಣಿ ಹೊಗೆ ಥರ ಕಷ್ಟಪಟ್ಟು ತೊಳೆಯೋ ಕೆಲ್ಸ ಇಲ್ಲ, ಹುಡುಕೋದಾದ್ರೆ ಅಲ್ಲಿಂದಲೇ ಶುರು ಮಾಡ್ಬಹುದು ಅನ್ನೋದು ನನ್ನ ಅನಿಸಿಕೆ.